ಅಮ್ಮನ ವಾಪಸ್ ಟಿಕೆಟ್

ಮಗಳ ಬಾಣಂತನಕ್ಕೆ ಅಂತ ಅಮೆರಿಕಕ್ಕೆ ಹೊರಡೋ ಅಮ್ಮಂದಿರಿಗೆ ನಾವು ಎಷ್ಟೊಂದು ತಯಾರಿ ಮಾಡಿಸ್ತೀವಿ ನೋಡಿ. ವೀಸಾ ಇಂಟರ್‌ವ್ಯೂಗೆ ಬಾಯಿಪಾಠ, ಅಂಟಿನುಂಡೆ, ಚಟ್ನಿಪುಡಿ ಪ್ಯಾಕಿಂಗ್, ಇಮಿಗ್ರೇಷನ್‌ನಲ್ಲಿ ತೋರಿಸೋಕೆ ಒಂದು ದಪ್ಪ ಫೈಲು. ವಾಪಸ್ ಬರೋ ಪ್ರಯಾಣಕ್ಕೆ ಮಾತ್ರ ಯಾರೂ ತಲೆ ಕೆಡಿಸಿಕೊಳ್ಳಲ್ಲ. ಮನೆಗೇ ತಾನೇ ಬರೋದು, ಬರ್ತಾರೆ ಬಿಡು ಅನ್ನೋ ಧೈರ್ಯ.

ಕಳೆದ ತಿಂಗಳು ಆಫೀಸ್ ಕೆಲಸಕ್ಕೆ ಮೂರು ವಾರ ಸಿಯಾಟಲ್‌ನಲ್ಲಿದ್ದೆ. ಅಕ್ಕನ ಮನೆಯೂ ಅಲ್ಲೇ. ಮೊಮ್ಮಗುವಿನ ಜೊತೆ ಐದು ತಿಂಗಳಿಂದ ಅಮ್ಮ ಅಲ್ಲಿದ್ದಾರೆ. ಇನ್ನು ಒಬ್ಬರೇ ಮೈಸೂರಿಗೆ ವಾಪಸ್ ಬರಬೇಕು. ಭಾವ ಅವರಿಗೆ ಅಗ್ಗದ ಟಿಕೆಟ್ ಒಂದನ್ನು ನೋಡಿಟ್ಟಿದ್ದರು: ಸಿಯಾಟಲ್, ಫ್ರಾಂಕ್‌ಫರ್ಟ್, ದೆಹಲಿ, ಬೆಂಗಳೂರು. ನನಗೆ ಆಫೀಸಿನವರು ಮಾಡಿಸಿದ್ದ ಟಿಕೆಟ್ ಕೂಡ ಅದೇ ದಾರಿ. "ನೀನು ಹೋಗಿ ನೋಡಿ ಹೇಳು, ಆಮೇಲೆ ಬುಕ್ ಮಾಡೋಣ" ಅಂದರು.

ಹಾಗಾಗಿ ಇಡೀ ದಾರಿ ಅಮ್ಮನ ಕಣ್ಣಲ್ಲೇ ನೋಡ್ತಾ ಬಂದೆ. 62 ವರ್ಷ, ಮಂಡಿ ನೋವು, ಇಂಗ್ಲಿಷ್ ಅರ್ಧಂಬರ್ಧ, ಹಿಂದಿ ಇನ್ನೂ ಕಡಿಮೆ.

ಮೊದಲ ವಿಮಾನ ಸುಮಾರು 10 ಗಂಟೆ. ಅದು ಕಷ್ಟವೇ ಅಲ್ಲ, ಕೂತರೆ ಆಯ್ತು. ಫ್ರಾಂಕ್‌ಫರ್ಟ್‌ನಲ್ಲಿ ನಡಿಗೆ ಜಾಸ್ತಿ. ಒಂದು ಗೇಟಿನಿಂದ ಇನ್ನೊಂದಕ್ಕೆ ಉದ್ದುದ್ದ ಕಾರಿಡಾರ್, ಎಸ್ಕಲೇಟರ್, ಮತ್ತೆ ನಡಿಗೆ. ಆದರೆ ಬ್ಯಾಗ್ ತಾನಾಗೇ ಮುಂದಿನ ವಿಮಾನಕ್ಕೆ ಹೋಗುತ್ತೆ. ಅಮ್ಮ ನಿಧಾನವಾಗಿ ನಡೆದರೂ ನಡೀತದೆ.

ನಿಜವಾದ ಪರೀಕ್ಷೆ ದೆಹಲಿ. ಅದೂ ಮಧ್ಯರಾತ್ರಿ. ಬ್ಯಾಗ್ ಮೇಲಿನ ಟ್ಯಾಗ್‌ನಲ್ಲಿ ಬೆಂಗಳೂರು ಅಂತ ಇದ್ದರೂ, ವಿದೇಶದಿಂದ ಬಂದವರು ಸಾಮಾನ್ಯವಾಗಿ ಭಾರತದಲ್ಲಿ ಇಳಿದ ಮೊದಲ ಊರಲ್ಲೇ ಇಮಿಗ್ರೇಷನ್ ಮುಗಿಸಿ, ಬೆಲ್ಟ್‌ನಿಂದ ಬ್ಯಾಗ್ ಎತ್ತಿಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಬ್ಯಾಗ್ ಕೊಟ್ಟು, ಇನ್ನೊಮ್ಮೆ ಸೆಕ್ಯುರಿಟಿಗೆ ನಿಲ್ಲಬೇಕು. ತಲಾ 23 ಕೆಜಿಯ ಎರಡು ಸೂಟ್‌ಕೇಸ್ ಬೆಲ್ಟ್‌ನಿಂದ ಎಳೆದು ಟ್ರಾಲಿಗೆ ಹಾಕೋವಾಗ ನನ್ನ ಸೊಂಟವೇ ಹಿಡ್ಕೊಂಡಿತು. ಮುಂದಿನ ವಿಮಾನ ಟರ್ಮಿನಲ್ 1ರಿಂದ ಇದ್ದರಂತೂ ಟರ್ಮಿನಲ್ 3ರಿಂದ ರಸ್ತೆ ಮೇಲೇ ಹೋಗಬೇಕು. ನಿದ್ದೆಗಣ್ಣಲ್ಲಿ, ಸಿಮ್ ಇನ್ನೂ ಕೆಲಸ ಮಾಡದೆ, ಅಮ್ಮ ಇದನ್ನೆಲ್ಲ ಒಬ್ಬರೇ ಮಾಡೋದನ್ನು ಊಹಿಸಿಕೊಂಡೆ. ಅಲ್ಲೇ ತೀರ್ಮಾನ ಆಯ್ತು.

ಬುಧವಾರ ಮಧ್ಯಾಹ್ನ ಹೊರಟು ಬೆಂಗಳೂರಲ್ಲಿ ಇಳಿದಾಗ ಶುಕ್ರವಾರ ಬೆಳಗ್ಗೆ. ಒಟ್ಟು 31 ಗಂಟೆ. ಅಲ್ಲಿಂದ ಕೆಎಸ್‌ಆರ್‌ಟಿಸಿ ಫ್ಲೈಬಸ್ ಹತ್ತಿ ಮೈಸೂರು ಸೇರೋವಾಗ ಮಧ್ಯಾಹ್ನ. ಮನೆಗೆ ಬಂದವನೇ ಭಾವನಿಗೆ ಫೋನ್ ಮಾಡಿದೆ: ಫ್ರಾಂಕ್‌ಫರ್ಟ್‌ನಿಂದ ನೇರ ಬೆಂಗಳೂರಿಗೇ ವಿಮಾನ ಇದೆ, ಅದನ್ನೇ ಮಾಡಿ. ವ್ಯತ್ಯಾಸ 18 ಸಾವಿರ ರೂಪಾಯಿ. ಅಕ್ಕ ನಾನು ಹಂಚಿಕೊಂಡರೆ ತಲಾ 9 ಸಾವಿರ. ಇಮಿಗ್ರೇಷನ್, ಬ್ಯಾಗ್, ಕಸ್ಟಮ್ಸ್ ಎಲ್ಲ ಬೆಂಗಳೂರಲ್ಲೇ ಆಗುತ್ತೆ, ಕನ್ನಡದಲ್ಲಿ ಕೇಳಿದರೆ ದಾರಿ ಹೇಳೋರು ಸಿಗ್ತಾರೆ. ಬಾಗಿಲಾಚೆ ನಾನು ನಿಂತಿರ್ತೀನಿ.

ನಿಮ್ಮನೇಲೂ ಯಾರಾದರೂ ಹೀಗೆ ಒಬ್ಬರೇ ಬರೋರಿದ್ದರೆ ಇನ್ನೂ ನಾಲ್ಕು ವಿಷಯ ನೋಡಿ.

ಎಲ್ಲ ವಿಮಾನಗಳೂ ಒಂದೇ ಪಿಎನ್‌ಆರ್‌ನಲ್ಲಿ ಇರಲಿ. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ, ಮುಂದಿನದಕ್ಕೆ ಹತ್ತಿಸೋ ಜವಾಬ್ದಾರಿ ಏರ್‌ಲೈನ್‌ದು. ಬೇರೆ ಬೇರೆ ಟಿಕೆಟ್ ಆದರೆ ನೀವು ಬರಲೇ ಇಲ್ಲ ಅಂತ ಲೆಕ್ಕ, ಹೊಸ ಟಿಕೆಟ್ ನಿಮ್ಮ ಖರ್ಚು.

ಮಂಡಿ ನೋವಿದ್ದರೆ ಸಂಕೋಚ ಬೇಡ, ವೀಲ್‌ಚೇರ್ ನೆರವನ್ನು ಮೊದಲೇ ಬುಕ್ ಮಾಡಿ. 48 ಗಂಟೆ ಮುಂಚೆ ಹೇಳಿದ್ದರೆ ಒಳ್ಳೆಯದು.

ಮಾತ್ರೆ, ಡಾಕ್ಟರ್ ಚೀಟಿ, ಒಂದು ಜೊತೆ ಬಟ್ಟೆ, ಪವರ್ ಬ್ಯಾಂಕ್ ಕೈಬ್ಯಾಗಲ್ಲೇ ಇರಲಿ. ಪವರ್ ಬ್ಯಾಂಕನ್ನು ಚೆಕ್‌-ಇನ್ ಬ್ಯಾಗಲ್ಲಿ ಹಾಕೋ ಹಾಗೇ ಇಲ್ಲ.

ಬ್ಯಾಗ್ ಬರದಿದ್ದರೆ ಏರ್‌ಪೋರ್ಟ್ ಬಿಡೋ ಮುಂಚೆಯೇ ಕೌಂಟರಿನಲ್ಲಿ ದೂರು ಬರೆಸಿ, ನಂಬರ್ ಇಸ್ಕೊಳ್ಳಿ. 1999ರ ಮಾಂಟ್ರಿಯಲ್ ಒಪ್ಪಂದದಲ್ಲಿ ಭಾರತವೂ 2009ರಿಂದ ಇದೆ. ಅದರ ಪ್ರಕಾರ ಬ್ಯಾಗ್ ಹಾಳಾಗಿ ಬಂದರೆ 7 ದಿನದೊಳಗೆ, ತಡವಾಗಿ ಬಂದರೆ ಕೈಗೆ ಸಿಕ್ಕ 21 ದಿನದೊಳಗೆ ಬರವಣಿಗೆಯಲ್ಲಿ ದೂರು ಕೊಡಬೇಕು.

ಟಿಕೆಟ್ ಬದಲಾಯಿಸಿದ್ದು ಗೊತ್ತಾಗಿ ಅಮ್ಮ ಫೋನಲ್ಲಿ ಬೈದರು. "ದುಡ್ಡು ಯಾಕೋ ದಂಡ ಮಾಡ್ತೀರ? ಬಾಯಿದೆ, ಕೇಳ್ಕೊಂಡು ಬರ್ತಿದ್ದೆ." ಬರ್ತಿದ್ದರು, ಅದರಲ್ಲಿ ನನಗೆ ಅನುಮಾನ ಇಲ್ಲ. ಐದು ತಿಂಗಳು ರಾತ್ರಿ ನಿದ್ದೆಗೆಟ್ಟು ಮಗು ನೋಡಿಕೊಂಡವರು ದೆಹಲಿಯಲ್ಲಿ ಇನ್ನೊಂದು ರಾತ್ರಿ ನಿದ್ದೆಗೆಡೋದು ಬೇಡ ಅನ್ನಿಸ್ತು, ಅಷ್ಟೆ.