ಆಟವು ಪಾಠದ ಹಗೆಯಲ್ಲ

ಬೆಳಗಿನ ಜಾವ ನೇಗಿಲು ಹೂಡಿದ ರೈತನು ಬಿಸಿಲೇರಿದ ಮೇಲೆ ಎತ್ತುಗಳ ಕೊರಳು ಬಿಚ್ಚಿ, ನೀರು ಕುಡಿಸಿ, ಮರದ ನೆರಳಿನಲ್ಲಿ ಮೆಲುಕು ಹಾಕಲು ಬಿಡುತ್ತಾನೆ. ಹಾಗೆ ಬಿಟ್ಟ ಹೊತ್ತು ನಷ್ಟವಾಯಿತೆಂದು ಅವನು ಎಂದೂ ಲೆಕ್ಕ ಹಾಕಿದವನಲ್ಲ. ಬಿಡದೆ ಹೂಡಿದರೆ ಸಂಜೆಯ ಹೊತ್ತಿಗೆ ಎತ್ತೂ ಸೋಲುತ್ತದೆ, ಸಾಲೂ ಸೊಟ್ಟಗಾಗುತ್ತದೆ ಎಂಬುದು ಅವನಿಗೆ ಯಾರೂ ಹೇಳಿಕೊಡದೆ ಬಂದ ತಿಳಿವು. ಮೂಕಪ್ರಾಣಿಯ ವಿಷಯದಲ್ಲಿ ನಮ್ಮ ಹಿರಿಯರು ತೋರಿದ ಈ ವಿವೇಕ ಆರೇಳು ವರ್ಷದ ಮಗುವಿನ ವಿಷಯ ಬಂದಾಗ ಮಾತ್ರ ಇಂದಿನವರಿಗೆ ಏಕೆ ಮರೆತುಹೋಗುತ್ತದೆ ಎಂಬುದು ವಿಚಾರ ಮಾಡಬೇಕಾದ ಸಂಗತಿ.

ಸಿರಿವಂತ ನಾಡೆಂದು ಹೆಸರಾದ ಅಮೆರಿಕದಲ್ಲಿ ತಾಯಂದಿರು ವರ್ಷಗಟ್ಟಲೆ ಸರ್ಕಾರದ ಬಾಗಿಲು ತಟ್ಟಿದರು. ಅವರು ಕೇಳಿದ್ದು ಹಣವನ್ನಲ್ಲ, ನೌಕರಿಯನ್ನಲ್ಲ. ಪ್ರಾಥಮಿಕ ಶಾಲೆಗೆ ಹೋಗುವ ತಮ್ಮ ಮಕ್ಕಳನ್ನು ದಿನಕ್ಕೆ 20 ನಿಮಿಷ ಬಯಲಿನಲ್ಲಿ ಆಡಲು ಬಿಡಿ ಎಂದಷ್ಟೇ ಕೇಳಿದರು. ಇದನ್ನು ಕೇಳಿದ ನಮ್ಮ ಹಳ್ಳಿಯ ಹಿರಿಯರಿಗೆ ಮೊದಲು ನಗು ಬರಬಹುದು. ಮಗು ಆಡುವುದಕ್ಕೂ ಕಾಯಿದೆ ಬೇಕೆ ಎಂದು ಅವರು ಕೇಳಬಹುದು. ಆದರೆ ಆ ನಾಡಿನಲ್ಲಿ ಆಟ ಹೇಗೆ ಕಳೆದುಹೋಯಿತು ಎಂಬುದನ್ನು ತಿಳಿದಾಗ ನಗು ನಿಂತು ಚಿಂತೆ ಮೂಡುತ್ತದೆ.

1990ರ ದಶಕದಲ್ಲಿ ಅಲ್ಲಿಯ ಅನೇಕ ಊರುಗಳು ಶಾಲೆಯ ಆಟದ ಬಿಡುವನ್ನು ವೇಳಾಪಟ್ಟಿಯಿಂದಲೇ ತೆಗೆದುಹಾಕಿದವು. ಅಟ್ಲಾಂಟಾ ನಗರವು ಇದರಲ್ಲಿ ಮುಂದಿತ್ತು. ಮಕ್ಕಳು ಕಂಬಿಗೆ ಜೋತಾಡುತ್ತಿದ್ದರೆ ಪರೀಕ್ಷೆಯ ಫಲ ಸುಧಾರಿಸುವುದಿಲ್ಲ ಎಂಬುದು 1998ರಲ್ಲಿ ಅಲ್ಲಿಯ ಶಾಲೆಗಳ ಮುಖ್ಯಾಧಿಕಾರಿಯ ನಿಲುವಾಗಿತ್ತು. ಆ ನಗರದಲ್ಲಿ ಹೊಸದಾಗಿ ಕಟ್ಟಿದ ಒಂದು ಪ್ರಾಥಮಿಕ ಶಾಲೆಗೆ ಆಟದ ಬಯಲನ್ನೇ ಬಿಡಲಿಲ್ಲ. ಷಿಕಾಗೋ ನಗರದ ಬಹುಪಾಲು ಶಾಲೆಗಳಲ್ಲಂತೂ ದಶಕಗಳ ಕಾಲ ಮಕ್ಕಳಿಗೆ ಬಿಡುವೇ ಇರಲಿಲ್ಲ. 2002ರಲ್ಲಿ ಜಾರಿಗೆ ಬಂದ ಕೇಂದ್ರದ ಶಿಕ್ಷಣ ಕಾಯಿದೆಯು 3ರಿಂದ 8ನೆಯ ತರಗತಿಯವರೆಗೆ ಪ್ರತಿ ವರ್ಷವೂ ಓದು ಮತ್ತು ಗಣಿತದ ಪರೀಕ್ಷೆಯನ್ನು ಕಡ್ಡಾಯ ಮಾಡಿತು. ಅಂಕ ಕಡಿಮೆಯಾದ ಶಾಲೆಗೆ ದಂಡನೆಯ ಭಯ ಹುಟ್ಟಿತು. ಭಯಬಿದ್ದ ಶಾಲೆಗಳು ಮೊದಲು ಕೈಹಾಕಿದ್ದು ಮಕ್ಕಳ ಆಟದ ಹೊತ್ತಿಗೆ.

ಇದರಲ್ಲಿ ಹೆಚ್ಚು ಕಳೆದುಕೊಂಡವರು ಯಾರು? ಬಡವರ ಮಕ್ಕಳು. ಅನುಕೂಲಸ್ಥರ ಬಡಾವಣೆಯ ಶಾಲೆಗಳಲ್ಲಿ ಅಂಕದ ಚಿಂತೆ ಕಡಿಮೆ, ಆದ್ದರಿಂದ ಅಲ್ಲಿ ಬಿಡುವು ಉಳಿಯಿತು. ಬಡವರ ಕೇರಿಯ ಶಾಲೆಗಳಲ್ಲಿ ಅಂಕ ಏರಿಸುವ ಆತುರ ಹೆಚ್ಚು, ಆದ್ದರಿಂದ ಅಲ್ಲಿ ಬಿಡುವು ಅಳಿಯಿತು. ಮನೆಯ ಮುಂದೆ ಅಂಗಳವಿಲ್ಲದ ಮಗುವಿಗೆ ಶಾಲೆಯ ಅಂಗಳವೂ ಇಲ್ಲವಾಯಿತು. ಅನ್ಯಾಯವೆಂಬುದು ಯಾವಾಗಲೂ ಕೈಲಾಗದವರ ಮನೆಯನ್ನೇ ಹುಡುಕಿಕೊಂಡು ಹೋಗುತ್ತದೆ ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಇನ್ನೊಂದು ಕೆಟ್ಟ ಪದ್ಧತಿಯೂ ಬೆಳೆಯಿತು. ಬಿಡುವು ಇದ್ದ ಶಾಲೆಗಳಲ್ಲಿ ಸಹ ಲೆಕ್ಕ ಮುಗಿಸದ ಮಗುವನ್ನು, ಪಾಠದ ನಡುವೆ ಮಾತನಾಡಿದ ಮಗುವನ್ನು ಆಟಕ್ಕೆ ಬಿಡದೆ ಒಳಗೆ ಕೂರಿಸುವುದು ಶಿಕ್ಷೆಯ ರೂಪವಾಯಿತು. ಕೂತಲ್ಲಿ ಕೂರಲಾರದ ಮಗುವಿಗೆ ಓಡಾಟ ಎಲ್ಲರಿಗಿಂತ ಹೆಚ್ಚು ಬೇಕು. ಅದನ್ನೇ ಕಸಿದು, ಇನ್ನಷ್ಟು ಕೂರು ಎಂದರೆ ಬಾಯಾರಿದವನಿಗೆ ಉಪ್ಪು ತಿನ್ನಿಸಿದಂತೆ ಆಗುತ್ತದೆ.

ಫ್ಲಾರಿಡಾ ರಾಜ್ಯದ ತಾಯಂದಿರು ಇದನ್ನು ಸಹಿಸಲಿಲ್ಲ. ಅವರು ಮೊದಲು ತಮ್ಮ ಜಿಲ್ಲೆಯ ಶಾಲಾ ಮಂಡಳಿಗಳಿಗೆ ಹೋಗಿ ಕೇಳಿದರು. ಎಲ್ಲ ಕಡೆ ಮಾತು ನಡೆಯದಾಗ ರಾಜಧಾನಿಯ ದಾರಿ ಹಿಡಿದರು. ಆರ್ಲೆಂಡೊ ನಗರದಿಂದ ರಾಜಧಾನಿ ಟ್ಯಾಲಹಾಸಿಗೆ ಸುಮಾರು 400 ಕಿಲೋಮೀಟರ್ ದೂರ. ಮನೆಗೆಲಸ, ಮಕ್ಕಳು, ನೌಕರಿ ಎಲ್ಲವನ್ನೂ ಸಂಭಾಳಿಸಿಕೊಂಡು ಅವರು ಹೋಗಿ ಶಾಸಕರ ಮುಂದೆ ನಿಂತರು. ಜನರು ಅವರನ್ನು ‘ಬಿಡುವಿನ ಅಮ್ಮಂದಿರು’ ಎಂದೇ ಕರೆಯತೊಡಗಿದರು. 2016ರಲ್ಲಿ ಅವರ ಮಸೂದೆಗೆ ಕೆಳಮನೆಯ ಒಪ್ಪಿಗೆ ಸಿಕ್ಕಿತು. ಮೇಲ್ಮನೆಯ ಶಿಕ್ಷಣ ಸಮಿತಿಯಲ್ಲಿ ಅದನ್ನು ಚರ್ಚೆಗೇ ತೆಗೆದುಕೊಳ್ಳಲಿಲ್ಲ. ಆ ವರ್ಷದ ದುಡಿಮೆ ವ್ಯರ್ಥವಾಯಿತು.

ತಾಯಂದಿರು ಬೇಸತ್ತು ಮನೆ ಸೇರಲಿಲ್ಲ. ಮರುವರ್ಷ ಮತ್ತೆ ಬಂದರು. 2017ರಲ್ಲಿ ಮೇಲ್ಮನೆಯಲ್ಲಿ ಅವರ ಪರವಾಗಿ 38 ಮತಗಳು ಬಿದ್ದವು, ವಿರುದ್ಧವಾಗಿ ಒಂದೂ ಬೀಳಲಿಲ್ಲ. ಕೊನೆಗೆ ಆ ಬೇಡಿಕೆಯನ್ನು ಇನ್ನೊಂದು ದೊಡ್ಡ ಶಿಕ್ಷಣ ಮಸೂದೆಯೊಳಗೆ ಸೇರಿಸಲಾಯಿತು. 2017ರ ಜೂನ್ 15ರಂದು ರಾಜ್ಯಪಾಲ ರಿಕ್ ಸ್ಕಾಟ್ ಅದಕ್ಕೆ ಸಹಿ ಹಾಕಿದರು. ಶಿಶುವರ್ಗದಿಂದ 5ನೆಯ ತರಗತಿಯವರೆಗೆ ವಾರಕ್ಕೆ 100 ನಿಮಿಷ, ದಿನಕ್ಕೆ ಒಂದೇ ಸಮನೆ 20 ನಿಮಿಷ ಮಕ್ಕಳು ದೊಡ್ಡವರ ಕಣ್ಗಾವಲಿನಲ್ಲಿ ತಮಗಿಷ್ಟ ಬಂದಂತೆ ಆಡಬೇಕು ಎಂಬುದು ಆ ಕಾಯಿದೆಯ ಸಾರ. ‘ತಮಗಿಷ್ಟ ಬಂದಂತೆ’ ಎಂಬ ಮಾತನ್ನು ಹಿರಿಯರು ಲಕ್ಷ್ಯದಲ್ಲಿಡಬೇಕು. ಸೀಟಿ ಊದಿ ಸಾಲಾಗಿ ನಿಲ್ಲಿಸಿ ಕೈಕಾಲು ಆಡಿಸುವ ಕವಾಯತು ಬೇರೆ, ಮಕ್ಕಳು ತಾವೇ ಕಟ್ಟಿಕೊಳ್ಳುವ ಆಟ ಬೇರೆ.

ಆ ಗೆಲುವು ಪೂರ್ಣವಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಸರ್ಕಾರದ ಹಣದಿಂದ ಖಾಸಗಿ ಆಡಳಿತದಲ್ಲಿ ನಡೆಯುವ ಚಾರ್ಟರ್ ಶಾಲೆಗಳಿಗೆ ಈ ನಿಯಮ ಅನ್ವಯಿಸಲಿಲ್ಲ. ಬಿಡುವನ್ನು ಹೊತ್ತು ತಂದ ಆ ದೊಡ್ಡ ಮಸೂದೆಯ ಇತರ ಅಂಶಗಳ ಬಗ್ಗೆ ನಾಡಿನಲ್ಲಿ ತೀವ್ರ ವಿರೋಧವಿತ್ತು. ಇಷ್ಟು ಕಷ್ಟಪಟ್ಟು ಪಡೆದದ್ದನ್ನು 2023ರ ಕೊನೆಯಲ್ಲಿ, ಶಾಲೆಗಳ ಮೇಲಿನ ನಿಯಮಗಳನ್ನು ಕಡಿಮೆ ಮಾಡುವ ಹೆಸರಿನಲ್ಲಿ, ತೆಗೆದುಹಾಕುವ ಪ್ರಸ್ತಾಪ ಬಂತು. ಅಮ್ಮಂದಿರು ಮತ್ತೆ ಎದ್ದುನಿಂತರು, ಪ್ರಸ್ತಾಪ ಬಿದ್ದುಹೋಯಿತು. ಬೆಳೆ ಬಂದ ಮೇಲೂ ಹೊಲ ಕಾಯದವನಿಗೆ ಕಣದಲ್ಲಿ ರಾಶಿ ಕಾಣುವುದಿಲ್ಲ.

ಇತರ ಕಡೆಗಳಲ್ಲೂ ಗಾಳಿ ತಿರುಗಿದೆ. ಷಿಕಾಗೋದಲ್ಲಿ ಬಡ ಕೇರಿಗಳ ತಾಯಿತಂದೆಯರು ಸೇರಿ ದುಡಿದದ್ದರ ಫಲವಾಗಿ 2012ರಲ್ಲಿ ಬಿಡುವು ಮರಳಿ ಬಂತು. ಸಿಯಾಟಲ್ ನಗರದಲ್ಲಿ 2015ರ ಸೆಪ್ಟೆಂಬರ್‌ನಲ್ಲಿ ಮುಷ್ಕರ ಹೂಡಿದ ಶಿಕ್ಷಕರು ತಮ್ಮ ಸಂಬಳದ ಮಾತಿನ ಜೊತೆಗೆ ಮಕ್ಕಳ ಆಟದ ಮಾತನ್ನೂ ಇಟ್ಟು, ಎಲ್ಲ ಪ್ರಾಥಮಿಕ ಶಾಲೆಗಳಿಗೂ 30 ನಿಮಿಷದ ಬಿಡುವನ್ನು ಒಪ್ಪಂದದಲ್ಲಿ ಬರೆಸಿಕೊಂಡರು. ಶಿಕ್ಷಕರು ಆಟದ ವಿರೋಧಿಗಳೆಂದು ಭಾವಿಸುವವರು ಇದನ್ನು ತಿಳಿಯಬೇಕು. ಜಾರ್ಜಿಯಾ ರಾಜ್ಯದಲ್ಲಿ 2019ರಲ್ಲಿ ರಾಜ್ಯಪಾಲರು ತಡೆದ ಬಿಡುವಿನ ವಿಷಯಕ್ಕೆ 2022ರಲ್ಲಿ ಅದೇ ರಾಜ್ಯಪಾಲರು ಸಹಿ ಹಾಕಿದರು. ಆಟವಿಲ್ಲದ ಶಾಲೆ ಕಟ್ಟಿದ ಅಟ್ಲಾಂಟಾ ಅದೇ ಜಾರ್ಜಿಯಾದ ರಾಜಧಾನಿ. ಕ್ಯಾಲಿಫೋರ್ನಿಯಾದಲ್ಲಿ 2023ರಲ್ಲಿ ಆದ ಕಾಯಿದೆಯು 30 ನಿಮಿಷದ ಬಿಡುವನ್ನು ಗೊತ್ತುಪಡಿಸಿದ್ದಲ್ಲದೆ, ಶಿಕ್ಷೆಯೆಂದು ಅದನ್ನು ಕಸಿಯಬಾರದೆಂದೂ ಹೇಳಿತು.

ಈಗ ಮೂಲ ಪ್ರಶ್ನೆಗೆ ಬರೋಣ. ಆಡಿದರೆ ಓದು ಕೆಡುವುದೆ? ಮಿನೆಸೋಟಾ ವಿಶ್ವವಿದ್ಯಾಲಯದ ಆಂಥನಿ ಪೆಲೆಗ್ರಿನಿ ಎಂಬ ವಿದ್ವಾಂಸರು ತರಗತಿಯಲ್ಲಿ ಕುಳಿತು ಮಕ್ಕಳನ್ನು ಪರೀಕ್ಷಿಸಿದವರು. ಬಿಡುವಿಗೆ ಮೊದಲಿಗಿಂತ ಬಿಡುವಿನ ನಂತರ ಮಕ್ಕಳ ಗಮನ ಹೆಚ್ಚು, ಬಿಡುವಿಗಾಗಿ ಕಾಯುವ ಹೊತ್ತು ಉದ್ದವಾದಷ್ಟೂ ಗಮನ ಚದುರುವುದು ಹೆಚ್ಚು ಎಂದು ಅವರು ಕಂಡರು. ಅಮೆರಿಕದ ಮಕ್ಕಳ ವೈದ್ಯರ ಸಂಘವು 2013ರಲ್ಲಿ ಇದನ್ನೇ ಒಪ್ಪಿ, ಬಿಡುವು ಮಗುವಿನ ಬೆಳವಣಿಗೆಗೆ ಅವಶ್ಯವಾದದ್ದು, ಪಾಠಕ್ಕಾಗಲಿ ಶಿಕ್ಷೆಗಾಗಲಿ ಅದನ್ನು ತಪ್ಪಿಸಬಾರದು ಎಂದು ಸಾರಿತು. ಫಿನ್ಲೆಂಡ್ ದೇಶದ ಶಾಲೆಗಳಲ್ಲಿ 45 ನಿಮಿಷದ ಪಾಠವಾದ ಮೇಲೆ 15 ನಿಮಿಷ ಮಕ್ಕಳನ್ನು ಹೊರಗೆ ಬಿಡುವುದು ಬಹುಕಾಲದ ರೂಢಿ. ಚಳಿಯಿರಲಿ, ಹಿಮವಿರಲಿ, ಅವರು ಹೊರಗೆ ಬಿಡುತ್ತಾರೆ. ಅದನ್ನು ಕಣ್ಣಾರೆ ಕಂಡು ಬಂದ ಟೆಕ್ಸಾಸ್ ಪ್ರಾಂತದ ಪ್ರಾಧ್ಯಾಪಕಿಯೊಬ್ಬರು ತಮ್ಮ ಸೀಮೆಯ ಶಾಲೆಗಳಲ್ಲಿ ದಿನಕ್ಕೆ 4 ಸಲ 15 ನಿಮಿಷದ ಬಿಡುವನ್ನು ಆರಂಭಿಸಿದರು.

ನಮ್ಮ ಹಿರಿಯರಿಗೆ ಈ ವಿದ್ವಾಂಸರ ಸಾಕ್ಷಿ ಬೇಕಾಗಿಲ್ಲ. ಲಗೋರಿ, ಚಿಣ್ಣಿದಾಂಡು, ಕುಂಟಾಬಿಲ್ಲೆ, ಗೋಲಿ ಆಡಿ ಬೆಳೆದವರು ಅವರು. ಆ ಆಟಗಳಲ್ಲಿ ತೀರ್ಪು ಹೇಳುವ ದೊಡ್ಡವರು ಯಾರೂ ಇರಲಿಲ್ಲ. ಔಟಾದವನು ಔಟೆಂದು ಒಪ್ಪಬೇಕಿತ್ತು. ಒಪ್ಪದಿದ್ದರೆ ಜಗಳ, ಜಗಳವಾದರೆ ಆಟ ನಿಲ್ಲುತ್ತಿತ್ತು, ಆಟ ನಿಂತರೆ ಎಲ್ಲರಿಗೂ ನಷ್ಟ. ಆದ್ದರಿಂದ ಜಗಳವನ್ನು ಬೇಗ ಮುಗಿಸಿಕೊಳ್ಳುವ ಜಾಣ್ಮೆ ಹತ್ತು ವರ್ಷದೊಳಗೇ ಬರುತ್ತಿತ್ತು. ಉಳ್ಳವರ ಮಗ, ಕೂಲಿಯವರ ಮಗ ಒಂದೇ ಗುಂಪಿನಲ್ಲಿ ಆಡುತ್ತಿದ್ದರು. ಸರದಿ ಕಾಯುವುದು, ಸೋತು ನಗುವುದು, ಚಿಕ್ಕವನಿಗೆ ಒಂದು ಅವಕಾಶ ಹೆಚ್ಚು ಕೊಡುವುದು, ಬಿದ್ದವನನ್ನು ಎತ್ತುವುದು, ಇವುಗಳನ್ನು ಯಾವ ಪುಸ್ತಕವೂ ಹಾಗೆ ಕಲಿಸಲಾರದು. ಇಂದು ಸಭೆಗಳಲ್ಲಿ ಒಬ್ಬರ ಮಾತನ್ನು ಒಬ್ಬರು ಕೇಳದ ದೊಡ್ಡವರನ್ನು ಕಂಡಾಗ, ಇವರು ಚಿಕ್ಕಂದಿನಲ್ಲಿ ಸಾಕಷ್ಟು ಆಡಲಿಲ್ಲವೇನೋ ಎಂದು ನಮಗೆ ಅನ್ನಿಸುವುದುಂಟು.

ಆಕ್ಷೇಪಗಳೂ ಇವೆ, ಅವನ್ನು ತಳ್ಳಿಹಾಕಬಾರದು. ಪಾಠ ಮುಗಿಯುವುದಿಲ್ಲ ಎಂಬ ಶಿಕ್ಷಕರ ಕಷ್ಟ ನಿಜ. ಮಗು ಬಿದ್ದು ಪೆಟ್ಟಾದರೆ ತಂದೆತಾಯಿಗಳು ಶಾಲೆಯ ಮೇಲೆ ಹರಿಹಾಯುತ್ತಾರೆ ಎಂಬ ಅಂಜಿಕೆಯೂ ನಿಜ. ಮೊಣಕಾಲು ತರಚಿದ ಮಾತ್ರಕ್ಕೆ ಮಾಸ್ತರರ ಮೇಲೆ ಕೂಗಾಡುವ ಪಾಲಕರು ಆಟ ಬೇಕೆಂದು ಕೇಳುವ ಯೋಗ್ಯತೆಯನ್ನು ಮೊದಲು ಗಳಿಸಬೇಕು. ಆಟ ಬೇಕೆನ್ನುವವರು ತರಚಿದ ಗಾಯವನ್ನೂ ಒಪ್ಪಿಕೊಳ್ಳಬೇಕು. ಇನ್ನು ಹೊತ್ತಿನ ಮಾತು. 20 ನಿಮಿಷ ಉಳಿಸಿ, ದಣಿದ ತಲೆಗೆ ಒಂದು ತಾಸು ಸುರಿದರೆ ತುಂಬಿದ ಕೊಡಕ್ಕೆ ನೀರು ಹೊಯ್ದಂತೆ ಹೊರಗೇ ಹರಿಯುತ್ತದೆ.

ಇದು ಪರದೇಶದ ಕಥೆ, ನಮಗೇನು ಎಂದು ಕೇಳಬಹುದು. ವಿಶ್ರಾಂತಿ ಮತ್ತು ಆಟ ಮಗುವಿನ ಹಕ್ಕು ಎಂದು 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿ ಹೇಳುತ್ತದೆ. ಅಮೆರಿಕ ಇನ್ನೂ ಅದನ್ನು ಅನುಮೋದಿಸಿಲ್ಲ, ಭಾರತ 1992ರಲ್ಲೇ ಒಪ್ಪಿದೆ. ನಮ್ಮ 2009ರ ಶಿಕ್ಷಣ ಹಕ್ಕು ಕಾಯಿದೆಯು ಶಾಲೆಗೆ ಆಟದ ಮೈದಾನ ಇರಬೇಕೆಂದು ಹೇಳಿದೆ. ಅಲ್ಲಿಯ ತಾಯಂದಿರು ಹೋರಾಡಿ ಪಡೆದದ್ದರ ಬೇರು ನಮ್ಮಲ್ಲಿ ಕಾಗದದ ಮೇಲೆ ಆಗಲೇ ಇದೆ. ಕಾಗದದ ಮೇಲೆ ಮಗು ಓಡಲಾರದು. ಮೈದಾನವಿದ್ದೂ ಅದರಲ್ಲಿ ಮುಳ್ಳುಕಂಟಿ ಬೆಳೆದಿದ್ದರೆ, ವೇಳಾಪಟ್ಟಿಯಲ್ಲಿ ಆಟದ ಪೀರಿಯಡ್ ಇದ್ದೂ ಅದರಲ್ಲಿ ಗಣಿತ ನಡೆದರೆ ಫಲವೇನು?

ನಮ್ಮ ಸರ್ಕಾರಿ ಶಾಲೆಗಳಲ್ಲಿ ಎಸ್‌ಡಿಎಂಸಿ ಇದೆ, ಅದರಲ್ಲಿ ಮಕ್ಕಳ ತಂದೆತಾಯಿಯರೇ ಸದಸ್ಯರು. ಅಮೆರಿಕದ ತಾಯಂದಿರಂತೆ 400 ಕಿಲೋಮೀಟರ್ ಹೋಗಬೇಕಾದ ಪ್ರಸಂಗ ನಮಗಿಲ್ಲ. ಊರ ಶಾಲೆಯ ಕಟ್ಟೆಯ ಮೇಲೆ ಕುಳಿತು ಕೇಳಬಹುದು. ಆಟದ ಹೊತ್ತು ಎಷ್ಟು? ದಿನವೂ ಬಿಡುತ್ತೀರಾ? ಅಭ್ಯಾಸ ಮುಗಿಸದ ಮಗುವನ್ನು ಒಳಗೆ ಕೂರಿಸುತ್ತೀರಾ? ಹೆಣ್ಣುಮಕ್ಕಳಿಗೂ ಬಯಲಿನಲ್ಲಿ ಪಾಲುಂಟೆ? ಈ ನಾಲ್ಕು ಪ್ರಶ್ನೆಗಳನ್ನು ಕೋಪವಿಲ್ಲದೆ, ಆದರೆ ಬಿಡದೆ ಕೇಳಬೇಕು. ಕೇಳಿದವರು ಒಂದು ದಿನ ಕುಡಗೋಲು ಹಿಡಿದು ಮೈದಾನದ ಕಂಟಿ ಕಡಿಯಲು ಸಹ ಬರಬೇಕು. ದಿನಕ್ಕೊಬ್ಬ ಹಿರಿಯರು ಬಿಡುವಿನ ಹೊತ್ತಿನಲ್ಲಿ ಮರದ ಕೆಳಗೆ ಕುಳಿತು ಮಕ್ಕಳ ಮೇಲೆ ಕಣ್ಣಿಟ್ಟರೆ ಮಾಸ್ತರರ ಅರ್ಧ ಅಂಜಿಕೆ ಇಳಿಯುತ್ತದೆ.

ಆಟವು ಓದಿ ಗಳಿಸಬೇಕಾದ ಬಹುಮಾನವೂ ಅಲ್ಲ, ತಪ್ಪಿಗೆ ಕಸಿಯಬಹುದಾದ ಸ್ವತ್ತೂ ಅಲ್ಲ. ಅನ್ನ, ನೀರು, ನಿದ್ದೆ ಇದ್ದ ಹಾಗೆ ಅದು ಮಗುವಿನ ಪಾಲು. ಆ ಪಾಲನ್ನು ಮಗುವಿಗೆ ಮುಟ್ಟಿಸುವ ಭಾರ ಹಿರಿಯರದು. ಊರೂರಿನ ಶಾಲೆಯ ಬಯಲಿನಿಂದ ಮಕ್ಕಳ ಕೇಕೆ ದಿನವೂ ಕೇಳಿಬರಲಿ, ಆ ಮಕ್ಕಳ ಮೈಮನಗಳು ಗಟ್ಟಿಯಾಗಿ ಬೆಳೆಯಲಿ ಎಂದು ನಾವು ಹಾರೈಸುತ್ತೇವೆ.