ಡೀಸೆಲ್ ಟಾಕಿಗೆ ಬಾಟಲಿ ಟಾನಿಕ್ ಬೇಕೇ?

ರಾಣೇಬೆನ್ನೂರು ತಾಲ್ಲೂಕಿನ ಮೇಡ್ಲೇರಿ ಭಾಗದಲ್ಲಿ ಟ್ರ್ಯಾಕ್ಟರ್ ಅಂದರೆ ಬರೀ ಬೇಸಾಯದ ಯಂತ್ರವಲ್ಲ. ಅದು ಸಾಲ, ಅದು ಕಂತು, ಅದೇ ಬಾಡಿಗೆ ದುಡಿಮೆ. ಮುಂಗಾರು ಬಿದ್ದ ಮೇಲೆ ಗೋವಿನಜೋಳ, ಹತ್ತಿ ಬಿತ್ತಲು ಸಿಗುವುದು ನಾಲ್ಕಾರು ದಿನದ ಹದ. ಆ ಹದದಲ್ಲಿ ಗಾಡಿ ಕೈಕೊಟ್ಟರೆ ನಷ್ಟ ಮಾಲೀಕನೊಬ್ಬನದಲ್ಲ. ಗಂಟೆ ಲೆಕ್ಕದಲ್ಲಿ ಬಾಡಿಗೆ ಕೊಟ್ಟು ರೆಂಟೆ ಹೊಡೆಸುವ ಎರಡೆಕರೆ ರೈತನದೂ ಹೌದು.

ಈ ಹೆದರಿಕೆಯ ಬೆನ್ನು ಹತ್ತಿಯೇ ಬರುತ್ತದೆ ಡೀಸೆಲ್‌ಗೆ ಬೆರೆಸುವ ಬಾಟಲಿ. ಟಾಕಿಗೆ ಒಂದು ಮುಚ್ಚಳ ಹಾಕ್ರಿ, ಅವರೇಜ್ ಏರತೈತಿ, ಹೊಗಿ ಕಡಿಮಿ ಆಗತೈತಿ, ಪಂಪು-ನಾಜಲ್ಲು ಬಾಳಿಕಿ ಬರತಾವು ಅನ್ನೋದು ಮಾರುವವರ ಮಾತಿನ ಧಾಟಿ. ಡೀಸೆಲ್ ದರವೂ ಈ ಮಾತಿಗೆ ಒತ್ತು ಕೊಡುತ್ತದೆ. ರಾಜ್ಯ ಸರ್ಕಾರ 2024ರ ಜೂನ್‌ನಲ್ಲೊಮ್ಮೆ, 2025ರ ಏಪ್ರಿಲ್‌ನಲ್ಲೊಮ್ಮೆ ಡೀಸೆಲ್ ಮಾರಾಟ ತೆರಿಗೆ ಏರಿಸಿ ಶೇ. 21.17ಕ್ಕೆ ತಂದಿತು. ಲೀಟರಿನ ಬೆಲೆ ಮತ್ತೆ 90 ರೂಪಾಯಿಯ ಗಡಿ ದಾಟಿತು. ಹೀಗಿರುವಾಗ ಉಳಿತಾಯ ಅಂದ ಕೂಡಲೇ ಕಿವಿ ನೆಟ್ಟಗಾಗುವುದು ಸಹಜ.

ಆದರೆ ಬಾಟಲಿ ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಬಂಕಿನ ಡೀಸೆಲ್ಲಿನಲ್ಲಿ ಇಲ್ಲದ್ದು ಈ ಬಾಟಲಿಯಲ್ಲಿ ಏನಿದೆ?

ಬಂಕಿನಲ್ಲಿ ಸಿಗುವುದು ಏನು?

1990ರ ದಶಕದ ಆರಂಭದವರೆಗೂ ನಮ್ಮ ಡೀಸೆಲ್ಲಿನಲ್ಲಿ ಶೇ. 1ರಷ್ಟು ಗಂಧಕಕ್ಕೆ ಅವಕಾಶ ಇತ್ತು. ಅಂದರೆ ಹತ್ತು ಲಕ್ಷ ಪಾಲಿಗೆ 10,000 ಪಾಲು. 2017ರ ಏಪ್ರಿಲ್‌ನಿಂದ ದೇಶಕ್ಕೆಲ್ಲ ಬಂದ ಬಿಎಸ್-4 ಡೀಸೆಲ್ಲಿನಲ್ಲಿ ಅದು 50ಕ್ಕೆ ಇಳಿಯಿತು. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6ರಲ್ಲಿ ಬರೀ 10.

‘ಗಂಧಕ ತೆಗೆದ ಮೇಲೆ ಡೀಸೆಲ್ ಒಣಗಿತು, ಹಳೇ ಟ್ರ್ಯಾಕ್ಟರಿನ ಪಂಪು ತಿನ್ನುತ್ತದೆ’ ಎಂಬ ಮಾತು ಆಗಲೇ ಹುಟ್ಟಿದ್ದು. ಇದರಲ್ಲಿ ಅರ್ಧ ಸತ್ಯವಿದೆ. ಗಂಧಕ ತೆಗೆಯುವ ಕ್ರಿಯೆಯಲ್ಲಿ ಡೀಸೆಲ್ಲಿಗೆ ಹುಟ್ಟಿನಿಂದ ಇದ್ದ ಜಾರುಗುಣವೂ ಕಡಿಮೆಯಾಗುತ್ತದೆ. ಪಂಪಿನ ಪ್ಲಂಜರ್, ನಾಜಲ್ಲಿನ ಸೂಜಿಗೆ ಡೀಸೆಲ್ಲೇ ಎಣ್ಣೆ. ಬೇರೆ ಎಣ್ಣೆ ಅಲ್ಲಿಗೆ ಮುಟ್ಟುವುದಿಲ್ಲ. ಆದರೆ ಉಳಿದರ್ಧ ಸತ್ಯ ಯಾರೂ ಹೇಳುವುದಿಲ್ಲ. ಈ ಕೊರತೆ ತುಂಬಲು ಬೇಕಾದ ವಸ್ತುವನ್ನು ಡೀಸೆಲ್ ಬಂಕಿಗೆ ಬರುವ ಮೊದಲೇ ಬೆರೆಸಿರುತ್ತಾರೆ. ಪರೀಕ್ಷೆಯಲ್ಲಿ ಸವೆತದ ಗುರುತು 460 ಮೈಕ್ರಾನ್ ಮೀರುವಂತಿಲ್ಲ ಎಂದು ಸರ್ಕಾರದ ಮಾನದಂಡವೇ ಇದೆ. ಚೆನ್ನಾಗಿ ಹೊತ್ತಿಕೊಳ್ಳುವ ಗುಣ ಅಳೆಯುವ ಸೀಟೇನ್ ಸಂಖ್ಯೆಯೂ 51ಕ್ಕಿಂತ ಕಡಿಮೆ ಇರಬಾರದು.

ಅಂದರೆ ಟಾನಿಕ್ ಆಗಲೇ ಬೆರೆತೇ ಬಂದಿದೆ. ಇಂಡಿಯನ್ ಆಯಿಲ್‌ನವರು ಎಕ್ಸ್‌ಟ್ರಾಮೈಲ್ ಎಂದು, ಎಚ್‌ಪಿಯವರು ಟರ್ಬೋಜೆಟ್ ಎಂದು ಹೆಚ್ಚಿನ ಬೆಲೆಗೆ ಮಾರಿದ ಡೀಸೆಲ್ ಕೂಡ ಇಂಥದೇ ವಸ್ತು ಇನ್ನಷ್ಟು ಬೆರೆಸಿದ್ದು.

ಮೂಗಿಗಿಂತ ಮೂಗುತಿ ಭಾರ

ಈಗ ಅಂಗಡಿ ಲೆಕ್ಕ ಮಾಡೋಣ. 60 ಲೀಟರ್ ಟಾಕಿ, ಲೀಟರಿಗೆ 91 ರೂಪಾಯಿ ಎಂದು ಹಿಡಿದರೆ ಒಂದು ಟಾಕಿಗೆ 5,460 ರೂಪಾಯಿ. ಟಾಕಿಗೊಂದು ಬಾಟಲಿ, ಬಾಟಲಿಗೆ 300 ರೂಪಾಯಿ ಇದ್ದರೆ ಖರ್ಚು ಶೇ. 5.5 ಏರಿತು. ಅಂದರೆ ಪ್ರತಿ ಟಾಕಿಗೂ 3 ಲೀಟರ್ 300 ಮಿಲಿ ಡೀಸೆಲ್ ಉಳಿದರೆ ಅಸಲು ಬಂತು. ಲಾಭ ಅದರ ಮೇಲಿನ ಮಾತು.

ಇಷ್ಟು ಉಳಿತಾಯ ಕಣ್ಣಿಗೆ ಕಾಣುತ್ತದೆಯೇ? ಕಾಣುವುದಿಲ್ಲ. ಎರೆ ಹೊಲ ಹಸಿ ಇದ್ದರೆ ಡೀಸೆಲ್ ಹೆಚ್ಚು, ಆರಿದ್ದರೆ ಕಡಿಮೆ. ರೋಟಾವೇಟರ್ ಒಂದೆರಡು ಇಂಚು ಆಳ ಇಳಿದರೆ ಲೆಕ್ಕ ತಪ್ಪಿತು. ಡ್ರೈವರ್ ಬದಲಾದರೂ ತಪ್ಪಿತು. ‘ಹಾಕಿದ ಮ್ಯಾಲೆ ಗಾಡಿ ಹಗುರ ಆತು’ ಅನ್ನುವವರು ಸುಳ್ಳು ಹೇಳುತ್ತಿಲ್ಲ. ಅಳತೆ ಮಾಡಿ ಹೇಳುತ್ತಿಲ್ಲ, ಅಷ್ಟೇ.

ಅಳೆಯುವವರು ಯಾರು ಎಂದು ಬಸ್ ಡಿಪೊದಲ್ಲಿ ನೋಡಬೇಕು. ಸಾರಿಗೆ ಸಂಸ್ಥೆಯವರು ಒಂದೊಂದು ಬಸ್ಸು ಲೀಟರಿಗೆ ಎಷ್ಟು ಕಿಲೋಮೀಟರ್ ಓಡಿತು ಎಂದು ಬರೆದಿಡುತ್ತಾರೆ. ಟ್ರ್ಯಾಕ್ಟರ್ ಮಾಲೀಕರೂ ಹಾಗೇ ಮಾಡಬಹುದು. ಒಂದೇ ಹೊಲ, ಒಂದೇ ಡ್ರೈವರ್, ಒಂದೇ ಕೆಲಸ. ಟಾಕಿ ತುಂಬಿಸಿ ಹತ್ತು ತಾಸು ಹೊಡೆದು ಮತ್ತೆ ತುಂಬಿಸಿ ಎಷ್ಟು ಹಿಡಿಯಿತು ಎಂದು ಬರೆಯಬೇಕು. ಬಾಟಲಿ ಹಾಕಿ ಒಮ್ಮೆ, ಹಾಕದೆ ಒಮ್ಮೆ. ಹೀಗೆ ಎರಡು ಮೂರು ಸಲ. ನೋಟುಬುಕ್ಕೇ ತೀರ್ಪು ಕೊಡುತ್ತದೆ.

ಪವಾಡದ ಇಂಧನಕ್ಕೆ ದೇಶವೇ ಮರುಳಾದದ್ದೂ ಉಂಟು. 1996ರಲ್ಲಿ ತಮಿಳುನಾಡಿನ ರಾಮರ್ ಪಿಳ್ಳೈ ಗಿಡಮೂಲಿಕೆಯಿಂದ ಪೆಟ್ರೋಲ್ ಮಾಡುತ್ತೇನೆಂದು ದೊಡ್ಡ ಸುದ್ದಿಯಾದರು. ಕೊನೆಗೆ 2016ರಲ್ಲಿ ಚೆನ್ನೈ ನ್ಯಾಯಾಲಯ ಅವರಿಗೆ ಮೂರು ವರ್ಷ ಶಿಕ್ಷೆ ವಿಧಿಸಿತು.

ಸೀಮೆಎಣ್ಣೆಯ ಹಳೇ ಚಾಳಿ

ರೇಷನ್ನಿನ ನೀಲಿ ಸೀಮೆಎಣ್ಣೆ ಧಾರಾಳ ಸಿಗುತ್ತಿದ್ದ ಕಾಲದಲ್ಲಿ ಡೀಸೆಲ್ಲಿಗೆ ಅದನ್ನು ಬೆರೆಸುವ ಚಾಳಿ ಇತ್ತು. ಸೀಮೆಎಣ್ಣೆ ತೆಳು, ಜಾರುಗುಣ ಕಡಿಮೆ. ಉಳಿಸಿದ ನೂರು ರೂಪಾಯಿ ಪಂಪಿನ ರಿಪೇರಿಯಲ್ಲಿ ಸಾವಿರಗಳಾಗಿ ಹೋಗುತ್ತದೆ. ಬೈಕಿನ 2ಟಿ ಆಯಿಲ್ ಸುರಿಯುವವರೂ ಇದ್ದಾರೆ. ಅದು ಉರಿದು ಬೂದಿ ಉಳಿಸುತ್ತದೆ. ಹೊಗೆ ಸೋಸುವ ಫಿಲ್ಟರ್ ಇರುವ ಬಿಎಸ್-6 ಪಿಕಪ್, ಲಾರಿಗಳಿಗೆ ಅದು ನೇರ ಹೊಡೆತ.

ಇನ್ನೊಂದು ಗೊಂದಲ ಯೂರಿಯಾದ್ದು. ಹೊಸ ಲಾರಿಗಳಿಗೆ ಬೇಕಾದ ಡಿಇಎಫ್ ಎಂಬ ದ್ರವ ಡೀಸೆಲ್ಲಿಗೆ ಬೆರೆಸುವ ವಸ್ತುವಲ್ಲ. ಅದು ಶುದ್ಧ ನೀರಿನಲ್ಲಿ ಶೇ. 32.5 ಯೂರಿಯಾ, ಅದಕ್ಕೆ ಬೇರೆ ಟಾಕಿಯೇ ಇದೆ. ಡೀಸೆಲ್ ಟಾಕಿಗೆ ಬಿದ್ದರೆ ಎಂಜಿನ್ನಿನ ಕಥೆ ಮುಗಿಯಿತು. ಹೊಲದ ಬೇವು ಲೇಪಿತ ಯೂರಿಯಾ ಕರಗಿಸಿ ಹಾಕುವುದೂ ಅಷ್ಟೇ ಹಾಳು. 2008ರ ಜೂನ್ 10ರಂದು ಗೊಬ್ಬರ ಕೇಳಿದ ರೈತರ ಮೇಲೆ ಗೋಲಿಬಾರ್ ಕಂಡದ್ದು ಈ ಹಾವೇರಿ. ಬೆಳೆಯ ಗೊಬ್ಬರ ಹೊಗೆ ಕೊಳವೆಗೆ ಹೋಗುವುದನ್ನು ಈ ಜಿಲ್ಲೆ ಒಪ್ಪಬಾರದು.

ಯಾವಾಗ ಬೇಕು?

ಹಾಗಾದರೆ ಎಲ್ಲಾ ಬಾಟಲಿಯೂ ಮೋಸವೇ? ಅಲ್ಲ. ನಾಜಲ್ಲಿಗೆ ಕಟ್ಟಿದ ಮಸಿಯನ್ನು ನಿಧಾನಕ್ಕೆ ತೊಳೆಯುವ ವಸ್ತುಗಳು ನಿಜವಾಗಿಯೂ ಇವೆ. ಆದರೆ ಸವೆದ ನಾಜಲ್ಲನ್ನು ಯಾವ ಬಾಟಲಿಯೂ ಹೊಸದು ಮಾಡುವುದಿಲ್ಲ. ತಿಂಗಳುಗಟ್ಟಲೆ ನಿಂತ ಗಾಡಿಯ ಟಾಕಿಯಲ್ಲಿ ನೀರು ಸೇರಿ, ಸೂಕ್ಷ್ಮಜೀವಿ ಬೆಳೆದು ಜಿಗಟು ಆಗಿದ್ದರೆ ಅದನ್ನು ಕೊಲ್ಲುವ ಔಷಧಿ ಇದೆ; ಮೊದಲು ಟಾಕಿ ತೊಳೆಸಿ, ಆಮೇಲೆ ತಿಳಿದ ಮೆಕ್ಯಾನಿಕ್ ಹೇಳಿದಷ್ಟೇ ಹಾಕಬೇಕು. ಚಳಿಗೆ ಡೀಸೆಲ್ ಗಟ್ಟಿಯಾಗದಂತೆ ತಡೆಯುವ ಸರಕು ಲಡಾಖಿಗೆ ಬೇಕು. ಅಲ್ಲಿಗೆ 2019ರ ನವೆಂಬರ್‌ನಲ್ಲಿ ಇಂಡಿಯನ್ ಆಯಿಲ್ ಚಳಿಗಾಲದ ಡೀಸೆಲ್ಲನ್ನೇ ಬಿಟ್ಟಿತು. ತುಂಗಭದ್ರೆಯ ದಂಡೆಗೆ ಅದರ ಗೊಡವೆ ಇಲ್ಲ. ವಾರಂಟಿ ಇರುವ ಗಾಡಿಯಾದರೆ ಕಂಪನಿಯ ಪುಸ್ತಕದಲ್ಲಿ ಒಪ್ಪಿಗೆ ಇದೆಯೇ ನೋಡದೆ ಏನನ್ನೂ ಸುರಿಯಬಾರದು.

ಖರ್ಚಿಲ್ಲದ ಮದ್ದು ಬೇರೆಯೇ ಇದೆ. ಧೂಳಿನ ಹೊಲದಲ್ಲಿ ಹೊಡೆದ ಗಾಡಿಯ ಏರ್ ಕ್ಲೀನರ್ ದಿನಾ ನೋಡಬೇಕು. ಕೆಲಸ ಮುಗಿಸಿದ ಸಂಜೆಯೇ ಟಾಕಿ ತುಂಬಿಸಿದರೆ ರಾತ್ರಿ ಒಳಗೆ ನೀರಹನಿ ಕೂಡುವುದು ಕಡಿಮೆ. ಫಿಲ್ಟರ್ ತಳದ ನೀರು ಬಿಡಬೇಕು. ಕ್ಯಾನಿನ ಡೀಸೆಲ್ ತಂಗಿದ ಮೇಲೆ ಬಟ್ಟೆಯಲ್ಲಿ ಸೋಸಿ ಸುರಿಯಬೇಕು. ಸೆಕೆಂಡಿಗೆ ಒಂದೇ ಹನಿ ಸೋರಿದರೂ ದಿನಕ್ಕೆ ಸುಮಾರು 4 ಲೀಟರ್ ಮಣ್ಣು ಪಾಲು. ಡೀಸೆಲ್ ಮೇಲೆ ಅನುಮಾನವಿದ್ದರೆ ಬಂಕಿನಲ್ಲಿ ಸಾಂದ್ರತೆ ತೋರಿಸಿ ಎಂದು, 5 ಲೀಟರ್ ಅಳತೆ ಹಿಡಿದು ತೋರಿಸಿ ಎಂದು ಕೇಳುವ ಹಕ್ಕು ಗಿರಾಕಿಗಿದೆ. ಹೆಚ್ಚಿನ ಮಾಹಿತಿ ಬೇಕಾದವರಿಗೆ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ ದೂರವೇನಲ್ಲ.

ಅಂಗಡಿಕಾರರಿಗೂ ಒಂದು ಮಾತು. ತಯಾರಕರ ಪೂರ್ತಿ ವಿಳಾಸ, ಬೆರೆಸುವ ಪ್ರಮಾಣ, ಪರೀಕ್ಷಾ ವರದಿ ಇಲ್ಲದ ಬಾಟಲಿಯನ್ನು ಕಪಾಟಿನಲ್ಲಿ ಇಡದಿರುವುದು ಒಳ್ಳೆಯದು. ಬಿಲ್ ಇಲ್ಲದೆ ಕೊಡುವುದಂತೂ ಬೇಡವೇ ಬೇಡ. ಪಂಪು ಹೋದ ದಿನ ರೈತ ಹುಡುಕಿಕೊಂಡು ಬರುವುದು ಊರೂರು ತಿರುಗುವ ಏಜೆಂಟನನ್ನಲ್ಲ, ದಿನಾ ಮುಖ ನೋಡುವ ಅಂಗಡಿಯವರನ್ನು.