ವಿಮಾನ ಹತ್ತೂಕಿಂತ ಮೊದಲಿನ ದಾರಿ

ದೂರದ ದೇಶದಾಗ ಗುಂಡಿನ ಸಪ್ಪಳ ಶುರುವಾತಂದ್ರ ನಮ್ಮ ಓಣ್ಯಾಗ ಎರಡು ಮಾತು ಕೇಳ್ತಾವ. ಒಂದು, 'ಇವರಿಗೆ ಅಲ್ಲಿಗೆ ಹೋಗ್ರಿ ಅಂತ ಯಾರು ಹೇಳಿದ್ರು? ಇಲ್ಲೇ ಇರಾಕ ಏನಾಗಿತ್ತು?' ಇನ್ನೊಂದು, 'ಸರ್ಕಾರ ವಿಮಾನ ಕಳಿಸೈತಿ, ಪುಕ್ಕಟೆ ಕರಕೊಂಡು ಬರತೈತಿ, ಇನ್ನೇನು ಬೇಕು?' ಉಕ್ರೇನ್ ಯುದ್ಧ ಆದಾಗ ಇವೇ ಮಾತು. ಸುಡಾನ್‌ದಾಗ ಹೊಡೆದಾಟ ಆದಾಗ ಇವೇ ಮಾತು. ಇರಾನ್ ಮ್ಯಾಲೆ ಬಾಂಬ್ ಬಿದ್ದಾಗೂ ಇವೇ. ನನಗೆ ಈ ಎರಡೂ ಒಪ್ಪಿಗಿ ಆಗಂಗಿಲ್ಲ. ಯಾಕ ಅಂತ ಹೇಳ್ತೀನಿ, ಸಮಾಧಾನದಿಂದ ಕೇಳ್ರಿ.

ಮೊದಲನೇದು, ಹೋದವರು ಯಾಕ ಹೋದ್ರು ಅನ್ನೂದು. ಯಾರೂ ಮೋಜಿಗೆ ಹೋಗಿರಂಗಿಲ್ಲ. ವರ್ಷಕ್ಕ 20 ಲಕ್ಷಕ್ಕೂ ಹೆಚ್ಚು ಹುಡುಗರು ನೀಟ್ ಬರೀತಾರ, ಡಾಕ್ಟರ್ ಸೀಟು ಇರೂದು ಲಕ್ಷದ ಲೆಕ್ಕದಾಗ. ಅದರಾಗ ಸರ್ಕಾರಿ ಸೀಟು ಅರ್ಧದಷ್ಟು. ಖಾಸಗಿ ಕಾಲೇಜಿನ್ಯಾಗ ಕೋಟಿ ಹತ್ರ ಹೋಗೂ ಖರ್ಚು, ಉಕ್ರೇನ್‌ದಾಗ ಅದರ ಕಾಲು ಪಾಲಿನ್ಯಾಗ ಮುಗೀತಿತ್ತು. ಹೊಲ ಒತ್ತಿ ಇಟ್ಟು, ಬಂಗಾರ ಅಡವಿಟ್ಟು ಕಳಿಸಿದ ಮನಿ ನಮ್ಮ ಕಡೆ ಎಷ್ಟರ ಅದಾವ. ಇನ್ನ ನಮ್ಮ ಶಿವಮೊಗ್ಗ, ದಾವಣಗೆರೆ, ಮೈಸೂರು ಜಿಲ್ಲೆಯ ಹಕ್ಕಿಪಿಕ್ಕಿ ಮಂದಿ ನೋಡ್ರಿ. ಬೇಟಿ ಬಂದ್ ಆದ ಮ್ಯಾಲೆ ಗಿಡಮೂಲಿಕಿ ಔಷಧ, ತಲಿಗೆ ಹಚ್ಚೂ ಎಣ್ಣಿ ಮಾರಕೋಂತ ಊರೂರು ತಿರುಗಿದವರು, ಕಡೀಕ ಆಫ್ರಿಕಾದ ತನಕ ಹೋದ್ರು. ಹೊಟ್ಟಿ ಎಲ್ಲಿ ಕರೀತೈತೋ ಅಲ್ಲಿಗೆ ಹೋಗೂದು ತಪ್ಪೇನು?

ಮತ್ತ ಒಂದು ಮಾತು. ಮನ್ಯಾಗ ಯಾರದರ ಪಾಸ್‌ಪೋರ್ಟ್ ಇದ್ರ ತಗದು ಮೊದಲ ಪುಟ ಓದ್ರಿ. ಇದನ್ನ ಹಿಡಕೊಂಡು ಬಂದವರನ್ನ ಅಡ್ಡಿ ಇಲ್ಲದ ಓಡಾಡಾಕ ಬಿಡ್ರಿ, ಅವರಿಗೆ ಬೇಕಾದ ಸಹಾಯ, ರಕ್ಷಣಿ ಕೊಡ್ರಿ ಅಂತ ನಮ್ಮ ರಾಷ್ಟ್ರಪತಿ ಹೆಸರಿನ್ಯಾಗ ಬರದಿರತೈತಿ. ಬ್ಯಾರೆ ದೇಶದವರಿಗೇ ನಾವು ಹಂಗ ಕೇಳ್ತೀವಿ ಅಂದ ಮ್ಯಾಲೆ, ನಮ್ಮ ಸರ್ಕಾರ ನಮ್ಮವರಿಗೆ ಮಾಡೂದು ಉಪಕಾರ ಅಲ್ಲ, ಕೊಟ್ಟ ಮಾತು. ಅದಕ್ಕ 'ನಮ್ಮ ಟ್ಯಾಕ್ಸಿನ ರೊಕ್ಕ' ಅಂತ ಮುಖ ತಿರುವೂದು ಸರಿ ಅಲ್ಲ.

ಎರಡನೇದು, ವಿಮಾನದ ಮಾತು. ಇಲ್ಲಿ ಮೊದಲು ಇದ್ದದ್ದನ್ನ ಇದ್ದಂಗ ಹೇಳಬೇಕು. ಈ ಕೆಲಸ ನಮ್ಮ ದೇಶಕ್ಕ ಚಲೋ ಬರತೈತಿ. 1990ರಾಗ ಇರಾಕ್ ಸೈನ್ಯ ಕುವೈತ್‌ಗೆ ನುಗ್ಗಿದಾಗ, ಜೋರ್ಡನ್ನಿನ ಅಮ್ಮಾನ್‌ದಿಂದ ಏರ್ ಇಂಡಿಯಾ 488 ಸಲ ಹಾರಿ ಎರಡು ತಿಂಗಳದಾಗ ಒಂದು ಲಕ್ಷಕ್ಕೂ ಹೆಚ್ಚು ಮಂದಿನ್ನ ಕರಕೊಂಡು ಬಂತು. 2015ರಾಗ ಯೆಮೆನ್‌ದಿಂದ 4,600ಕ್ಕೂ ಹೆಚ್ಚು ಮಂದಿ ಬಂದ್ರು. 2022ರಾಗ 'ಆಪರೇಷನ್ ಗಂಗಾ' ಅಂತ 90 ವಿಮಾನ ಹಾರಿದ್ವು, ಅದರಾಗ 14 ವಾಯುಸೇನಾದವು. ನಾಲ್ಕು ಮಂದಿ ಕೇಂದ್ರ ಮಂತ್ರಿಗಳು ಉಕ್ರೇನ್ ಸುತ್ತಲಿನ ದೇಶಕ್ಕ ಹೋಗಿ ಕುಂತ್ರು. 2023ರಾಗ ಸುಡಾನ್‌ದಿಂದ ಕರಕೊಂಡು ಬಂದ ಕೆಲಸಕ್ಕ ನಮ್ಮ ನದಿ ಹೆಸರೇ ಇಟ್ಟಿದ್ರು, 'ಆಪರೇಷನ್ ಕಾವೇರಿ'. 3,862 ಮಂದಿ ಬಂದ್ರು. ಖಾರ್ಟೂಮ್ ಹತ್ರ ದೀಪ ಇಲ್ಲದ ಸಣ್ಣ ಪಟ್ಟಿ ಮ್ಯಾಲೆ ಕತ್ತಲಾಗ ವಿಮಾನ ಇಳಿಸಿ 121 ಮಂದಿನ್ನ ಎತ್ತಿಕೊಂಡು ಬಂದ್ರು, ಅವರಾಗ ಒಬ್ಬಾಕಿ ಬಸುರಿನೂ ಇದ್ಲು. ಹಂತಾ ಪೈಲಟ್‌ಗಳಿಗೆ ಕೈ ಮುಗೀಬೇಕು.

ಆದ್ರ ನೋಡ್ರಿ, ವಿಮಾನ ನಿಲ್ಲೂದು ಎಲ್ಲಿ? ಗುಂಡು ಬೀಳದ ಜಾಗದಾಗ. ಟಿವ್ಯಾಗ ನಾವು ನೋಡೂದು ಅದನ್ನಷ್ಟ, ಹೂ ಕೊಡೂದು, ಕ್ಯಾಮೆರಾ, ಜೈಕಾರ. ಖರೆ ಕಷ್ಟ ಇರೂದು ರೂಮಿನ ಬಾಗಿಲದಿಂದ ಆ ವಿಮಾನದ ತನಕ. ಅದಕ್ಕಿಂತ ಹೆಚ್ಚಿನ ಕಷ್ಟ ಇರೂದು ಯುದ್ಧ ಶುರುವಾಗೂಕಿಂತ ಮೊದಲಿನ ಎರಡು ವಾರದಾಗ. ಆ ಹೊತ್ತಿನ್ಯಾಗ ಸರ್ಕಾರ ಏನು ಹೇಳತೈತಿ, ಮನಿಯವರು ಏನು ಹೇಳ್ತಾರ, ಅದರ ಮ್ಯಾಲೇ ಜೀವ ನಿಂತಿರತೈತಿ. ನನ್ನ ತಕರಾರು ಇರೂದು ಇಲ್ಲೇ.

ಉಕ್ರೇನ್ ಲೆಕ್ಕಾನ ನೋಡೂಣು. ಯುದ್ಧ ಶುರುವಾದದ್ದು 2022ರ ಫೆಬ್ರವರಿ 24ಕ್ಕ. ನಮ್ಮ ರಾಯಭಾರ ಕಚೇರಿ ಫೆಬ್ರವರಿ 15ಕ್ಕ ಒಂದು ಸೂಚನಾ ಹಾಕಿತು. ಇಲ್ಲಿರೂದು ಅವಶ್ಯ ಇಲ್ಲದವರು, ಅದರಾಗೂ ವಿದ್ಯಾರ್ಥಿಗಳು, ಸದ್ಯಕ್ಕ ದೇಶ ಬಿಡೂ ವಿಚಾರ ಮಾಡಬಹುದು ಅಂತ. ನನಗೂ ಪಿಯುಸಿ ತನಕದ ಇಂಗ್ಲಿಷ್ ಬರತೈತಿ. ಅದನ್ನ ಓದಿದ್ರ ನನಗೆ ತಿಳಿಯೂದು, 'ಹೋದ್ರ ಹೋಗ್ರಿ, ಇದ್ರ ಇರ್ರಿ' ಅಂತಷ್ಟ. ಅಡಗಿ ಮನ್ಯಾಗ ಗ್ಯಾಸಿನ ವಾಸನಿ ಬಂದ್ರ 'ಸಾಧ್ಯ ಆದ್ರ ಹೊರಗ ಬರೂ ವಿಚಾರ ಮಾಡಬಹುದು' ಅಂತ ಯಾರರ ಅಂತಾರೇನು? 'ಲಗೂನ ಹೊರಗ ಬಾ' ಅಂತೀವಿ. ಕಾಲೇಜಿನವರು ಆನ್‌ಲೈನ್ ಕ್ಲಾಸ್ ಕೊಡ್ತಾರೋ ಇಲ್ಲೋ ಅಂತ ಹುಡುಗರು ಕಾದ್ರು. ಹಾಜರಿ ಹೋದ್ರ ವರ್ಷ ಹೋಗತೈತಿ ಅನ್ನೂ ಅಂಜಿಕಿ. ಅದಕ್ಕ ಕಾಯಬ್ಯಾಡ್ರಿ, ಹೊರಡ್ರಿ ಅಂತ ಗಟ್ಟಿ ಮಾತು ಬಂದದ್ದು 22ಕ್ಕ. ಅವತ್ತ ಏರ್ ಇಂಡಿಯಾದ ಒಂದು ವಿಮಾನ ಹೋಗಿ ಬಂತು. 24ಕ್ಕ ಹೊಂಟದ್ದು ಅರ್ಧ ದಾರ್ಯಾಗ ತಿರುಗಿ ದಿಲ್ಲಿಗೆ ಬಂತು, ಯಾಕಂದ್ರ ಉಕ್ರೇನ್ ಆಕಾಶಾನ ಬಂದ್ ಆಗಿತ್ತು.

ಮುಂದಿಂದು ಎಲ್ಲಾರಿಗೂ ಗೊತ್ತು. ಖಾರ್ಕಿವ್‌ದಿಂದ ಪಶ್ಚಿಮದ ಗಡಿ ಸುಮಾರು 1000 ಕಿಲೋಮೀಟರ್. ನಮ್ಮ ಹುಡುಗರು ನೆಲಮಾಳಿಗ್ಯಾಗ, ಮೆಟ್ರೋ ಸ್ಟೇಷನ್ನಿನ್ಯಾಗ ಕುಂತಿದ್ರು. ಮಾರ್ಚ್ 1ಕ್ಕ, ದಿನಸಿ ತರಾಕ ಹೊರಗ ಬಂದಿದ್ದ ನಮ್ಮ ಹಾವೇರಿ ಜಿಲ್ಲಾದ ಹುಡುಗ ಶೆಲ್ ದಾಳ್ಯಾಗ ತೀರಿಹೋದ. ಮರುದಿನ ರಾಯಭಾರ ಕಚೇರಿ, ಖಾರ್ಕಿವ್ ಈಗಿಂದೀಗ ಬಿಡ್ರಿ, ಗಾಡಿ ಸಿಗದಿದ್ರ ನಡಕೋಂತರ ಹೋಗ್ರಿ ಅಂತು. ಸಂಜಿ ಆರರೊಳಗ 11, 12, 16 ಕಿಲೋಮೀಟರ್ ದೂರದ ಮೂರು ಊರು ಸೇರಬೇಕು, ಅದೂ ಆ ಥಂಡ್ಯಾಗ, ಮ್ಯಾಲೆ ಬಾಂಬ್ ಬೀಳೂ ಹೊತ್ತಿನ್ಯಾಗ. ಹದಿನೈದು ದಿನ ಮೊದಲು 'ಬಹುದು' ಅಂದವರು ಆಗ 'ಈಗಿಂದೀಗ' ಅಂದ್ರು. ಆ ಎರಡು ಶಬ್ದದ ನಡುವಿನ ದಿನಗಳು ಯಾರ ಲೆಕ್ಕಕ್ಕೂ ಬರಲಿಲ್ಲ.

ಸರ್ಕಾರದ ಕಡೆ ಕಾರಣ ಇಲ್ಲಂತಲ್ಲ. ಒಂದು ದೇಶದಾಗ ಕುಂತು 'ಎಲ್ಲಾರೂ ಓಡ್ರಿ' ಅಂದ್ರ ಆ ದೇಶದವರಿಗೆ ಬೇಜಾರು ಆಗತೈತಿ. ಉಕ್ರೇನ್ ಅಧ್ಯಕ್ಷರೇ ಗಾಬರಿ ಎಬ್ಬಿಸಬ್ಯಾಡ್ರಿ ಅಂತ ಹೊರಗಿನವರಿಗೆ ಹೇಳಿದ್ರು. ಯುದ್ಧ ಆಗದ ಹೋಗಿದ್ರ, 'ಸುಮ್ನ ಓಡಿಸಿ ಹುಡುಗರ ವರ್ಷ ಹಾಳು ಮಾಡಿದ್ರಿ' ಅಂತ ನಾವೇ ಬೈತಿದ್ವಿ. ಅದೂ ಖರೆ. ಆದ್ರ ಒಂದು ವರ್ಷ ಹೋದ್ರ ಇನ್ನೊಂದು ವರ್ಷ ಬರತೈತಿ. ಆ ಬೈಗಳ ತಿನ್ನೂ ಧೈರ್ಯ ದೊಡ್ಡವರಿಗೆ ಇರಬೇಕು.

ಮತ್ತ ರೊಕ್ಕದ ಮಾತು. ಯುದ್ಧ ಶುರುವಾದ ಮ್ಯಾಲೆ ಬಂದವರಿಗೆ ಟಿಕೆಟ್ ಪುಕ್ಕಟೆ. ಅದರ ಹಿಂದಿನ ವಾರ ಸೂಚನಾ ಕೇಳಿ ಶಾಣ್ಯಾತನದಿಂದ ಹೊಂಟವರಿಗೆ ಟಿಕೆಟ್ ಅವರದ ಖರ್ಚು, ಅದೂ ರೇಟು ಏರಿತ್ತು. 2020ರಾಗ ಕೊರೊನಾ ಕಾಲಕ್ಕ 'ವಂದೇ ಭಾರತ್' ವಿಮಾನದಾಗ ಬಂದ ಕೊಲ್ಲಿ ದೇಶದ ಕೂಲಿಯವರೂ ಬಹುತೇಕ ತಮ್ಮ ಟಿಕೆಟ್ ತಾವೇ ಕೊಟ್ರು. ವಿದೇಶದಾಗಿನ ನಮ್ಮವರ ಕಷ್ಟಕ್ಕಂತ 2009ರಿಂದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಅಂತ ಒಂದು ಐತಿ. ರಾಯಭಾರ ಕಚೇರ್ಯಾಗ ಪಾಸ್‌ಪೋರ್ಟ್ ಕೆಲಸಕ್ಕ ಹೋದವರ ಕಡೆ ತಗೊಳ್ಳೂ ಸಣ್ಣ ಶುಲ್ಕದಿಂದ ಅದು ತುಂಬತೈತಿ. ಅಂದ್ರ ಅದು ಅವರದ ರೊಕ್ಕ. ಅದರಾಗಿಂದ ಯುದ್ಧದ ಮೊದಲಿನ ವಾರದಾಗ ಅರ್ಧ ಟಿಕೆಟ್ಟರ ಕೊಟ್ರ, ಎಷ್ಟು ಮಂದಿ ಮೊದಲೇ ಎದ್ದು ಬರ್ತಿದ್ರು ವಿಚಾರ ಮಾಡ್ರಿ. ಮನಿ ಸೋರೂಕಿಂತ ಮೊದಲ ಹಂಚು ಕೈಯಾಡಿಸಿದ್ರ ಖರ್ಚು ಕಡಿಮಿ, ಇದು ನಮಗೆ ಗೊತ್ತಿಲ್ಲದ ಮಾತೇನಲ್ಲ.

ಸುಡಾನ್ ಕಥಿ ಬ್ಯಾರೆ. ಅಲ್ಲಿ 2023ರ ಏಪ್ರಿಲ್ 15ಕ್ಕ ರಾಜಧಾನ್ಯಾಗೇ ಹೊಡೆದಾಟ ಬಿತ್ತು. ಎರಡೂ ಕಡೆ ಆ ದೇಶದ ಪಡೆಗಳೇ. ಹೊರಗ ಬಂದ್ರ ಗುಂಡು, ಒಳಗಿದ್ರ ನೀರಿಲ್ಲ, ಕರೆಂಟಿಲ್ಲ. ಖಾರ್ಟೂಮ್‌ದಿಂದ ಬಂದರಿನ ಊರು ಪೋರ್ಟ್ ಸುಡಾನ್‌ಗೆ ಬಸ್ಸಿನ್ಯಾಗ 850 ಕಿಲೋಮೀಟರ್, ಅಲ್ಲಿಂದ ಹಡಗು ಇಲ್ಲಾ ವಿಮಾನದಾಗ ಜೆಡ್ಡಾ, ಜೆಡ್ಡಾದಿಂದ ಮನಿ. ನಮ್ಮ ಹಕ್ಕಿಪಿಕ್ಕಿ ಮಂದ್ಯಾಗ ಕೆಲವರು ಇದ್ದದ್ದು ಇನ್ನೂ ದೂರ, ಪಶ್ಚಿಮದ ಎಲ್ ಫಾಶರ್ ಊರಾಗ. ಆಗ ಇಲ್ಲಿ ವಿಧಾನಸಭಾ ಚುನಾವಣಿ. ಸಿದ್ದರಾಮಯ್ಯನವರು ಅವರ ಸಲುವಾಗಿ ಟ್ವೀಟ್ ಮಾಡಿದ್ರು, ವಿದೇಶಾಂಗ ಮಂತ್ರಿ ಜೈಶಂಕರ್ ಅವರು ಇದರಾಗ ರಾಜಕಾರಣ ಬ್ಯಾಡ ಅಂದ್ರು, ಮಾತಿಗೆ ಮಾತು ಬೆಳೀತು. ಟಿವಿಯವರಿಗೆ ಅದೇ ಹಬ್ಬ. ಅಂಥಾ ಹೊತ್ತಿನ್ಯಾಗ ಮನ್ಯಾಗ ಕುಂತ ಹೆಣ್ಣಮಕ್ಕಳಿಗೆ ಬೇಕಾಗಿದ್ದು ಯಾರು ಗೆದ್ರು ಅನ್ನೂದಲ್ಲ. ನನ್ನ ಗಂಡನ ಹೆಸರು ನಿಮ್ಮ ಪಟ್ಟ್ಯಾಗ ಐತೇನು, ಇಷ್ಟ.

ಈ ಪಟ್ಟಿ ಅನ್ನೂದೇ ಎಲ್ಲಾದಕ್ಕೂ ಬೇರು. ಹತ್ತನೇತ್ತೆ ಪಾಸ್ ಆಗದವರು ಕೂಲಿಗೆ ಹೋಗಬೇಕಂದ್ರ 18 ದೇಶಗಳಿಗೆ ಸರ್ಕಾರದ ಅನುಮತಿ ಬೇಕು, ಸುಡಾನ್‌ನೂ ಅದರಾಗ ಐತಿ. ಹಂಗ ಹೋದವರ ಹೆಸರು ಸರ್ಕಾರದ ಕಡೆ ಇರತೈತಿ. ಆದ್ರ ಓದಾಕ ಹೋದ ಹುಡುಗರು, ತಮ್ಮಷ್ಟಕ್ಕ ತಾವು ಎಣ್ಣಿ ಔಷಧ ಮಾರಾಕ ಹೋದವರು ಆ ಕಾಯ್ದ್ಯಾಗ ಬರಂಗಿಲ್ಲ. ಅವರು ತಾವಾಗೇ ರಾಯಭಾರ ಕಚೇರ್ಯಾಗ ಹೆಸರು ಬರಸಬೇಕು. ಬರಸಬೇಕು ಅನ್ನೂದು ಯಾರಿಗೆ ಗೊತ್ತೈತಿ? ಅದನ್ನ ಕನ್ನಡದಾಗ ಯಾರು ಹೇಳ್ಯಾರ? ಪಾಸ್‌ಪೋರ್ಟ್ ಕೊಡೂ ದಿನಾನ, ಅದರ ಜೋಡಿ ಒಂದು ಕನ್ನಡದ ಚೀಟಿ ಇಡಾಕ ಎಷ್ಟು ಖರ್ಚು ಬರತೈತಿ? ಪೊಲೀಸರು ವಿಚಾರಣೆಗೆ ಮನಿ ತನಕ ಬರ್ತಾರಲ್ಲ, ಅವರ ಕೈಯಾಗರ ಕೊಟ್ಟು ಕಳಿಸಬಹುದು.

ವಿಮಾನ ಇಳಿದ ಮ್ಯಾಲಿಂದೂ ಒಂದು ಮಾತೈತಿ. ಉಕ್ರೇನ್ ಹುಡುಗರು ಬಂದಾಗ ನಮ್ಮ ರಾಜ್ಯ ಸರ್ಕಾರ ದಿಲ್ಲಿ, ಮುಂಬೈ ನಿಲ್ದಾಣದಾಗ ತನ್ನ ಮಂದಿ ನಿಲ್ಲಿಸಿ, ಬೆಂಗಳೂರಿನ ತನಕ ಟಿಕೆಟ್ ತಗಸಿ ಕೊಡ್ತು. ಇದು ಚಲೋ ಕೆಲಸ, ಹೊಗಳಬೇಕು. 2025ರಾಗ ಇರಾನ್‌ದಿಂದ ಅರ್ಮೇನಿಯಾ ಮ್ಯಾಲೆ ದಿಲ್ಲಿ ಮುಟ್ಟಿದ ಕಾಶ್ಮೀರದ ಹುಡುಗರಿಗೆ ಮುಂದಿನ ದಾರಿಗೆ ಕೊಟ್ಟ ಬಸ್ಸು ಸರಿ ಇರಲಿಲ್ಲ. ನಾಲ್ಕು ದಿನ ದಣಿದು ಬಂದವರು ಅಂತ ಅವರು ದೂರಿದ ಮ್ಯಾಲೆ ಬ್ಯಾರೆ ಬಸ್ಸು ಬಂತು. ಇನ್ನ ಉಕ್ರೇನ್‌ದಿಂದ ಬಂದು ಓದು ಅರ್ಧಕ್ಕ ನಿಂತವರ ಪಾಡು? ಕಡೀ ವರ್ಷದವರಿಗೆ ಇಲ್ಲೇ ಪರೀಕ್ಷಾ ಬರಿಯೂ ಅವಕಾಶಾದ ಮಾತು ಸುಪ್ರೀಂ ಕೋರ್ಟಿನ ಮುಂದ ಬಗೀಹರೀಬೇಕಾದ್ರ 2023ರ ಮಾರ್ಚ್ ತನಕ ಕಾಯಬೇಕಾತು. ಒಂದು ವರ್ಷದ ಮ್ಯಾಲೆ. ಸಾಲದ ಬಡ್ಡಿ ಅಷ್ಟೂ ದಿನ ಓಡತಿತ್ತು. ಜೀವ ಉಳಿಸಿದ ಮ್ಯಾಲೆ ಜೀವನಕ್ಕ ದಾರಿ ತೋರಿಸೂದೂ ಆ ಕೆಲಸದಾಗ ಸೇರತೈತಿ ಅಂತ ನನ್ನ ಅಭಿಪ್ರಾಯ.

ಇಷ್ಟೆಲ್ಲಾ ಸರ್ಕಾರಕ್ಕ ಹೇಳಿದೆ. ನಮ್ಮ ಪಾಲಿಂದೂ ಒಂದಿಷ್ಟು ಐತಿ. ಮಕ್ಕಳು ಹೊರದೇಶದಾಗ ಇದ್ದವರು ಅವರ ಪಾಸ್‌ಪೋರ್ಟ್, ವೀಸಾದ ಝೆರಾಕ್ಸ್ ಮನ್ಯಾಗ ಇಟ್ಟುಕೊಳ್ರಿ. ಅಲ್ಲಿಯ ವಿಳಾಸ, ಜೋಡಿ ಇರೂ ಇಬ್ಬರ ನಂಬರ್ ಒಂದು ವಹಿಯಾಗ ಬರದಿಡ್ರಿ, ಮೊಬೈಲ್ ಒಂದನ್ನೇ ನಂಬಬ್ಯಾಡ್ರಿ. ರಾಯಭಾರ ಕಚೇರ್ಯಾಗ ಹೆಸರು ಬರಸಿದಿ ಏನು ಅಂತ ಕೇಳ್ರಿ, ಬರಸೂ ತನಕ ಕೇಳ್ರಿ. ತೊಂದರಿ ಆದ್ರ ದೂರು ಕೊಡಾಕ ವಿದೇಶಾಂಗ ಇಲಾಖೆಯ 'ಮದದ್' ಅಂತ ಪೋರ್ಟಲ್ ಐತಿ, 2015ರಿಂದ. ಮನಿಯವರೂ ಅದರಾಗ ದೂರು ಹಾಕಬಹುದು. ಏಜೆಂಟರ ಮಾತು ಕೇಳಿ 'ಏನೂ ಆಗಂಗಿಲ್ಲ' ಅಂತ ಕೂಡ್ರಬ್ಯಾಡ್ರಿ, ಅವರ ಕಮಿಷನ್ ಆಗಲೇ ಮುಟ್ಟಿರತೈತಿ.

ಎಲ್ಲಾಕಿಂತ ದೊಡ್ಡದು ಫೋನಿನ್ಯಾಗ ನಾವು ಆಡೂ ಮಾತು. ಸೂಚನಾ ಬಂದ ದಿನ ಮಗ ಇಲ್ಲಾ ಮಗಳು ಫೋನ್ ಮಾಡಿ 'ಅವ್ವಾ, ಬರಲೇನು?' ಅಂತ ಕೇಳ್ತಾರ. ಅವರ ಮನಸಿನ್ಯಾಗ ಆಗಲೇ ಲೆಕ್ಕ ನಡದಿರತೈತಿ, ಅಪ್ಪ ಕಟ್ಟಿದ ಫೀ, ಮಾಡಿದ ಸಾಲ, ಏರಿದ ಟಿಕೆಟ್ ರೇಟು. ನಾವೂ ಅದೇ ಲೆಕ್ಕ ಹೇಳಿದ್ರ ಅವರು ಅಲ್ಲೇ ಉಳೀತಾರ. 'ನೋಡು, ನಿನಗೆ ಹೆಂಗ ಅನಿಸತೈತೋ ಹಂಗ ಮಾಡು' ಅನ್ನೂದೂ ಬ್ಯಾಡ. ಅದು ರಾಯಭಾರ ಕಚೇರಿಯ 'ಬಹುದು' ಇದ್ದಂಗ. ಸರ್ಕಾರದವರು ಯಾವಾಗ ಗಟ್ಟಿಯಾಗಿ ಹೇಳ್ತಾರೋ ಹೇಳಲಿ, ಅದನ್ನ ಕೇಳೂದು ಬಿಡಬ್ಯಾಡ್ರಿ. ಅಲ್ಲೀ ತನಕ ನಾವರ 'ಬಾ' ಅನ್ನೂಣು. ಒಂದೇ ಅಕ್ಷರ, ಪೂರಾ ತಿಳಿಯೂ ಹಂಗ.